ಪಿಯಾನೊ ಮೇಡಂಗೆ ಶಾಲು ಹೊದಿಸಿದ್ದು

ಮಾನ ಕಳೆದುಕೊಳ್ಳಲು ನನಗೆ ವಿಶೇಷ ಶ್ರಮ ಬೇಕಾಗಿಲ್ಲ. ಮಗಳ ಪಿಯಾನೊ ಮೇಡಂ ಎದುರು ನಿಂತರೆ ಸಾಕು, ಅದು ತಾನಾಗಿ ಹೋಗುತ್ತದೆ.

ಮೇಡಂ ಫ್ರಾನ್ಸಿನವರು. ಪ್ಯಾರಿಸ್ಸಿನ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ನುಡಿಸಿ ಹೆಸರಾದವರು. ಅವರ ಶಿಷ್ಯರೂ ಈಗ ಹೆಸರುವಾಸಿ. ವಯಸ್ಸಾದ ಮೇಲೆ ಮಗನ ಸಂಸಾರದ ಜೊತೆ ಇರಲು ಮಸ್ಕತ್ತಿಗೆ ಬಂದು, ನಮ್ಮ ಅಲ್ ಖುವೈರ್‌ನಲ್ಲಿ ನಾಲ್ಕೈದು ಮಕ್ಕಳಿಗಷ್ಟೇ ಕಲಿಸುತ್ತಾರೆ. ಅವರಲ್ಲಿ ನನ್ನ ಮಗಳೂ ಒಬ್ಬಳು. ಅವಳಿಗೆ ಆ ಪಾಠವೆಂದರೆ ಪ್ರಾಣ. ಅಪ್ಪನ ದೆಸೆಯಿಂದ ಅದು ತಪ್ಪಿಹೋದೀತೇ ಎಂಬುದೇ ನನಗಿರುವ ಹೆದರಿಕೆ.

೧. ಸ್ವಲ್ಪ ಬೇಗ ಕಲಿಸಿ

ಮೊದಲ ದಿನವೇ ಹೇಳಿದೆ: "ಮೇಡಂ, ಮುಂದಿನ ತಿಂಗಳು ಇವಳ ಹುಟ್ಟುಹಬ್ಬ. ಅಷ್ಟರಲ್ಲಿ ಎರಡು ಸಿನಿಮಾ ಹಾಡು ಕಲಿಸಿಬಿಡಿ."

"ಅಷ್ಟರಲ್ಲಿ ನೆಟ್ಟಗೆ ಕೂರುವುದನ್ನು ಕಲಿತಿರುತ್ತಾಳೆ," ಎಂದರು.

ಎಂಥ ತಮಾಷೆಯವರಪ್ಪಾ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಗಳು ಅಂಗಿ ಜಗ್ಗಿದಳು. "ಅಪ್ಪಾ, ಶೀ ಈಸ್ ಸೀರಿಯಸ್!"

೨. ಆಯುಧಪೂಜೆ

"ವಾದ್ಯಕ್ಕೆ ಪೂಜೆ ಮಾಡದೆ ಹೇಗೆ ಮಾರಾಯ್ರೆ?" ಎಂದಳು ಹೆಂಡತಿ. ತಮ್ಮ ಪಿಯಾನೊಗೆ ಹೂ ಇಡಲು ಮೇಡಂ ಸಂತೋಷದಿಂದಲೇ ಒಪ್ಪಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಬೆಳಿಗ್ಗೆಯಷ್ಟೇ ಕಾರಿಗೆ ಪೂಜೆ ಮಾಡಿ ಬಂದ ಕೈ ನೋಡಿ, ಪಿಯಾನೊದ ಕಾಲುಗಳಲ್ಲಿ ಗಾಲಿ ಕಂಡದ್ದೇ ಒಂದೊಂದರಡಿಗೂ ಲಿಂಬೆಹಣ್ಣು ಇಟ್ಟುಬಿಟ್ಟೆ.

"ಇದು ಯಾಕೆ?" ಎಂದರು ಮೇಡಂ.

"ಗಾಡಿ ಮುಂದೆ ಹೋಗುವಾಗ ಅಪ್ಪಚ್ಚಿಯಾಗಬೇಕು ಮೇಡಂ."

ಮೇಡಂ ಪಿಯಾನೊವನ್ನೂ ಬಾಗಿಲನ್ನೂ ನೋಡಿ ಕೇಳಿದರು, "ಎಲ್ಲಿಗೆ ಹೋಗುತ್ತದೆ?"

೩. ಸನ್ಮಾನ

ಇಷ್ಟಾದರೂ ಬುದ್ಧಿ ಬರಲಿಲ್ಲ. ನಮ್ಮ ಊರಿನವರ ಸಂಘದ ವಾರ್ಷಿಕೋತ್ಸವದಲ್ಲಿ ನುಡಿಸಲು ಮೇಡಂ ಅವರನ್ನು ನಾನೇ ಒಪ್ಪಿಸಿದೆ. ವೇದಿಕೆ ಹತ್ತಿದವರಿಗೆಲ್ಲ ಸನ್ಮಾನ ಮಾಡದಿದ್ದರೆ ನಮ್ಮವರಿಗೆ ತಿಂದ ಅನ್ನ ಜೀರ್ಣವಾಗುವುದಿಲ್ಲ.

ಮೇಡಂ ಕಣ್ಣು ಮುಚ್ಚಿ ನುಡಿಸುತ್ತಾ ಒಂದು ಕಡೆ ಕೈ ತಡೆದರು. ಅದು ಸಂಗೀತದೊಳಗಿನ ಮೌನ. ಅಧ್ಯಕ್ಷರಿಗೆ ಅದೆಲ್ಲ ಎಲ್ಲಿ ಗೊತ್ತು? "ಮುಗೀತಲ್ಲ, ಯಲ್ಲಾ, ಬೇಗ ನಡೀರಿ! ಮುಖ್ಯ ಅತಿಥಿಗೆ ಫ್ಲೈಟ್ ಉಂಟು," ಎಂದು ನನ್ನನ್ನು ದೂಡಿದರು. ನಾನು ಶಾಲು ಹೊದಿಸಿದೆ, ಅಧ್ಯಕ್ಷರು ತಲೆಗೆ ಪೇಟ ಇಟ್ಟರು, ಮುಖ್ಯ ಅತಿಥಿ ಮಡಿಲಿಗೆ ಹಣ್ಣಿನ ಬುಟ್ಟಿ ಇಟ್ಟರು. ಮೇಡಂ ಕಣ್ಣು ಬಿಟ್ಟರು. ಫೋಟೋದವನು, "ಮೇಡಂ, ಸ್ವಲ್ಪ ಸ್ಮೈಲ್!" ಎಂದ.

ಅವರು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಪೇಟದಲ್ಲೇ ಉಳಿದರ್ಧ ನುಡಿಸಿದರು. ಅಷ್ಟು ಹೊತ್ತೂ ನಾನು ವೇದಿಕೆಯ ನಡುವೆ ಬುಟ್ಟಿ ಹಿಡಿದು ನಿಂತಿದ್ದೆ. ಭೂಮಿ ಬಾಯಿಬಿಡಬಾರದೇ ಎನಿಸಿತು. ಕೆಳಗೆ ಮೊದಲ ಸಾಲಿನಲ್ಲಿ ಮಗಳು ಅಳುತ್ತಿದ್ದಳು.

ಮುಗಿದ ಮೇಲೆ ತಲೆ ತಗ್ಗಿಸಿ ಗ್ರೀನ್ ರೂಮಿಗೆ ಹೋದೆ. "ಮೇಡಂ, ತಪ್ಪು ನನ್ನದು. ಮಗಳನ್ನು ಮಾತ್ರ ಪಾಠದಿಂದ ಬಿಡಿಸಬೇಡಿ."

ಮೇಡಂ ಕನ್ನಡಿ ನೋಡಿ ಪೇಟ ಸರಿಮಾಡಿಕೊಂಡರು. "ಅವಳು ಶನಿವಾರ ಎಂದಿನಂತೆ ಬರಲಿ, ಅಮ್ಮನ ಜೊತೆ. ನಾನು ಬಿಡಿಸಿದ್ದು ನಿಮ್ಮನ್ನು!"