ಕಾರಿನ ಕಾಲು ತೊಳೆಯುವ ಕಾಕಾ

ಅಕ್ಟೋಬರ್ ೭, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಇದೆಲ್ಲ ಶುರುವಾದದ್ದು ಆಗ. ನಿಮಿಷದ ಲೆಕ್ಕ ಯಾಕೆ ಎನ್ನಬೇಡಿ, ದಿನಚರಿ ಬರೆಯುವ ಚಟ ನನಗೆ ಏಳನೇ ಇಯತ್ತೆಯಿಂದ ಇದೆ.

ನಮ್ಮ ಕಾಕಾನಿಗೆ ಕಾರು ಓಡಿಸಲು ಬರುವುದಿಲ್ಲ ಎಂದು ಶಹಾಪುರದಲ್ಲಿ ಯಾರಾದರೂ ಹೇಳಿದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಓಡಿಸಲು ಚೆನ್ನಾಗಿಯೇ ಬರುತ್ತದೆ. ಅವರಿಗೆ ಬಾರದಿರುವುದು, ನಿಂತ ಕಾರನ್ನು ಸುಮ್ಮನೆ ಬಿಡುವುದು!

ನಾಲ್ಕು ವರ್ಷದ ಹಿಂದೆ ಜೋಡೆತ್ತು ಮಾರಿ ಒಂದು ಹಳೆಯ ಕಾರು ತಂದರು. ಎತ್ತು ಹೋದವು, ಎತ್ತಿನ ಚಾಕರಿ ಹೋಗಲಿಲ್ಲ. ಬಾನೆಟ್ಟಿನ ಬೆನ್ನು ತಟ್ಟದೆ ಗಾಡಿ ಹತ್ತುವುದಿಲ್ಲ. ಹಗ್ಗ ಬಿಗಿಹಿಡಿದು ರೂಢಿಯಾದ ಮನುಷ್ಯ, ಈಗ ಹಗ್ಗದ ಬದಲು ಬ್ರೇಕಿನ ಮೇಲೆ ಸದಾ ಒಂದು ಕಾಲು. ಸಂಜೆ ದೋರನಹಳ್ಳಿಯ ಹೊಲದಿಂದ ಬಂದು ಇಳಿದರೆಂದರೆ, ತಮ್ಮ ಚಪ್ಪಲಿ ಬಿಡುವ ಮೊದಲೇ ನಾಲ್ಕು ಗಾಲಿಗೆ ನಾಲ್ಕು ಕೊಡ ತಣ್ಣೀರು. ದುಡಿದು ಬಂದ ಎತ್ತಿನ ಕಾಲಿಗೆ ನೀರು ಹಾಕದೆ ಒಳಗೆ ಹೋಗುವ ರೈತನುಂಟೆ? ವೇಗವೆಂದರೆ ನಲವತ್ತು. ಎದುರಿಗೆ ಕತ್ತೆ ಬಂದರೆ ಇಪ್ಪತ್ತು. ಕತ್ತೆಗೂ ಮರ್ಯಾದೆ ಕೊಡಬೇಕಲ್ಲ!

ಆ ಮಂಗಳವಾರ ಸುರಪುರದಿಂದ ಕಾಕಾನ ಅಳಿಯ ಬಂದಿದ್ದರು. ಅವರ ಹೆಂಡತಿ, ಅಂದರೆ ಕಾಕಾನ ಒಬ್ಬಳೇ ಮಗಳು, ನನ್ನ ಅಕ್ಕ, ಏಳು ತಿಂಗಳ ಬಸುರಿ. ಅಕ್ಟೋಬರ್ ೨೬ಕ್ಕೆ ಕುಬಸ, ಅಂದರೆ ಸೀಮಂತ, ಮಾಡಿ, ಚೊಚ್ಚಲ ಹೆರಿಗೆಗೆ ಅವಳನ್ನು ತವರಿಗೆ ಕರೆತರುವುದೆಂದು ಗೊತ್ತಾಗಿತ್ತು. ಅಳಿಯ ಸುಮ್ಮನೆ ಒಂದು ಸುತ್ತು ಕಾರು ಓಡಿಸಿ ಬಂದವರೇ ಮುಖ ಸಣ್ಣದು ಮಾಡಿದರು.

"ಮಾವಾ, ಎಂಬತ್ತು ದಾಟಿದ್ರ ಸ್ಟೇರಿಂಗು ಥರಥರ ನಡುಗ್ತದ. ಬ್ರೇಕ್ ಒತ್ತಿದ್ರಂತೂ ಇಡೀ ಗಾಡಿ ಕುಣೀತದ. ಇದರಾಗ ಬಸರಿ ಹೆಣ್ಣಮಗಳನ್ನ ಕೂಡಸೂದು ಬ್ಯಾಡ್ರಿ. ನಾ ಬ್ಯಾರೆ ಗಾಡಿ ಮಾಡ್ತೀನಿ."

ಬೇರೆ ಗಾಡಿ! ಕಾಕಾ ಚಹಾದ ಬಸಿ ಕೆಳಗಿಟ್ಟರು. "ನನ್ನ ಮಗಳು ನನ್ನ ಗಾಡ್ಯಾಗ ತವರಿಗಿ ಬರ್ತಾಳ. ಹತ್ತೊಂಬತ್ತು ದಿನ ಅದಾವ. ನಡುಕ ಹೋಗಲಿಲ್ಲಂದ್ರ ಆವಾಗ ನಿಮ್ಮ ಮಾತು."

ಅಳಿಯ ಹೋದ ಮೇಲೆ ಕಾಕಿ ಕೇಳಿದರು. "ಅಲ್ರಿ, ನೀವು ನಲವತ್ತು ದಾಟಂಗಿಲ್ಲ. ಎಂಬತ್ತಕ್ಕ ನಡುಗಿದ್ರ ನಿಮಗೇನಾತು?"

"ದಿನ ತುಂಬಿ ಬ್ಯಾನಿ ಶುರುವಾದ್ರ ಯಾದಗಿರಿ ದವಾಖಾನಿಗಿ ನಲವತ್ತರಾಗ ಹೋಗಾಕಾಗ್ತದೇನು?"

ಕಾಕಿ ಒಳಗೆ ಹೋಗಿ, ಕೇಳದೆಯೇ ಇನ್ನೊಂದು ಬಸಿ ಚಹಾ ತಂದಿಟ್ಟರು. ನನ್ನ ದಿನಚರಿಯಲ್ಲಿ ಇದು ದಾಖಲೆ.

ಭಾನುವಾರ, ೧೨ನೇ ತಾರೀಖು, ತಪಾಸಣೆ. ಮಿಸ್ತ್ರಿ ಭಾಯಿ ಬಂದರು. ಶಹಾಪುರದಲ್ಲಿ ಅರ್ಧ ಗಾಡಿಗಳ ನಾಡಿ ಬಲ್ಲವರು. ಅವರು ಹೇಳಿದ್ದು ಇಷ್ಟೇ: "ನಡುಕ ಮುಂದಿಂದೋ ಹಿಂದಿಂದೋ ಮೊದ್ಲು ನೋಡಬೇಕ್ರಿ. ಸ್ಟೇರಿಂಗು ನಡುಗಿದ್ರ ಮುಂದಿನ ಗಾಲಿ, ಸೀಟು ನಡುಗಿದ್ರ ಹಿಂದಿನ ಗಾಲಿ."

ಅಷ್ಟು ಸಾಕಾಯಿತು ಕಾಕಾನಿಗೆ! ಒಳಗೆ ಹೋಗಿ ಒಂದು ತಾಟು, ಒಂದು ಮೊರ, ಒಂದು ಸೇರು ಜೋಳ ತಂದರು. ನಾದಿದ ಹಿಟ್ಟಿನ ಉಂಡೆಯಿಂದ ತಾಟನ್ನು ಮುಂದೆ ಗಾಜಿನ ಕೆಳಗೆ ಅಂಟಿಸಿ ಅದರಲ್ಲಿ ಜೋಳ ಹರಡಿದರು. ಹಿಂದಿನ ಸೀಟಿನ ಮೇಲೆ ಜೋಳದ ಮೊರ, ಮೊರದ ಕಾವಲಿಗೆ ಕಾಕಿ.

"ಇದೇನ್ರಿ, ಗಾಡಿ ತಪಾಸಣೆಯೋ ಸುಗ್ಗಿಯೋ?" ಎಂದರು ಭಾಯಿ.

"ಕಾಳು ಸುಳ್ಳು ಹೇಳಂಗಿಲ್ಲ. ನೀ ಹೊಡಿ. ಎಂಬತ್ತಕ್ಕ ಹೋದ್ರ ನನಗ ದೇವರ ಹೆಸರು ಮರೀತದ."

ಸುರಪುರದ ರಸ್ತೆ ಖಾಲಿ ಇತ್ತು. ಎಪ್ಪತ್ತೈದರವರೆಗೆ ಎರಡೂ ಕಡೆ ಶಾಂತಿ. ಎಂಬತ್ತೆರಡಕ್ಕೆ ಮುಂದಿನ ತಾಟಿನ ಜೋಳ ಕುಣಿಯತೊಡಗಿತು. ಭಾಯಿ ಬ್ರೇಕ್ ಒತ್ತಿದ್ದೇ ತಡ, ಹುರಿಯುವ ಬಾಣಲೆಯಂತೆ ಪಟಪಟ ಹಾರಿತು! ಕೆಳಗೆ ಬಿದ್ದ ಕಾಳು ಎಣಿಸಿದೆ. ಮುಂದೆ ನಲವತ್ತೊಂದು, ಹಿಂದೆ ಸೊನ್ನೆ. ಹಿಂದಿನ ಮೊರದಿಂದ ಕಡಿಮೆಯಾದದ್ದು ಆರು ಸಣ್ಣ ಕಲ್ಲು ಮಾತ್ರ.

"ಹ್ಯಾಂಗೂ ಕುಂತೀನಿ, ಹಳ್ಳರ ಆರಿಸಿದೆ" ಎಂದರು ಕಾಕಿ.

ಭಾಯಿ ತಲೆಯಾಡಿಸಿದರು. "ಬ್ರೇಕ್ ಒತ್ತದೇ ನಡುಗಿತು, ಒತ್ತಿದ್ರ ಮತ್ತೂ ಹೆಚ್ಚಾತು. ಒಂದಲ್ಲ ಕಾಕಾ, ಎರಡು ರೋಗ ಅದಾವ."

ಮೊದಲನೆಯದು ಗಾಲಿ ಬಿಚ್ಚಿದ ಕೂಡಲೇ ಸಿಕ್ಕಿತು. ಎಡಗಾಲಿಯ ಒಳಬದಿಗೆ ಎರೆಮಣ್ಣು ಮೆತ್ತಿಕೊಂಡು, ಒಣಗಿ, ಇಟ್ಟಿಗೆಯಾಗಿ ಕೂತಿತ್ತು. ಗಾಲಿಯ ಒಂದೇ ಕಡೆ ಇಷ್ಟು ಭಾರವಿದ್ದರೆ ಜೋರಾಗಿ ತಿರುಗುವಾಗ ಅದು ನಡುಗದೆ ಇನ್ನೇನು ಮಾಡೀತು? ದಿನಾ ತೊಳೆಯುತ್ತಿದ್ದವರಿಗೆ ಕಾಣಲಿಲ್ಲವೇ ಎಂದರೆ, ಕಾಕಾ ತೊಳೆಯುತ್ತಿದ್ದದ್ದು ಹೊರಬದಿ. ಮುಖ ತೊಳೆದು ಕಿವಿ ಬಿಟ್ಟ ಹಾಗೆ! ಪಕ್ಕದ ಕಾಯಿಪಲ್ಲೆ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ, ಮುಕ್ಕಾಲು ಕಿಲೋ. ಭಾಯಿ ಅದನ್ನು ಚರಂಡಿಗೆ ಎಸೆಯಹೋದರೆ ಕಾಕಾ ಕೈ ಹಿಡಿದರು.

"ಏ, ಅದು ನನ್ನ ಹೊಲದ ಮಣ್ಣು ಮಾರಾಯಾ!"

ಚೀಲದಲ್ಲಿ ಕಟ್ಟಿಕೊಂಡು ಹೋಗಿ ಹೊಲಕ್ಕೇ ಹಾಕಿ ಬಂದರು. ಗಾಲಿಗಳಿಗೆ ಬ್ಯಾಲೆನ್ಸ್ ಮಾಡಿಸಿದ ಮೇಲೆ ಬರಿಯ ಓಟದ ನಡುಕ ನಿಂತಿತು. ಉಳಿದದ್ದು ಬ್ರೇಕಿನದು.

೧೯ನೇ ತಾರೀಖು ಭಾಯಿ ಮುಂದಿನ ಗಾಲಿ ಬಿಚ್ಚಿ, ಬ್ರೇಕಿನ ಡಿಸ್ಕಿಗೆ ಗಡಿಯಾರದಂಥ ಒಂದು ಅಳತೆಯ ಸಾಧನ ಹಚ್ಚಿ, ಡಿಸ್ಕನ್ನು ನಿಧಾನ ತಿರುಗಿಸಿದರು. ಅಲುಗದೆ ನಿಲ್ಲಬೇಕಾದ ಮುಳ್ಳು ಹಿಂದೆ ಮುಂದೆ ತೂಗಾಡಿತು.

"ಡಿಸ್ಕು ಸೊಟ್ಟಾಗ್ಯಾವ. ಕಾಕಾ, ಗಾಡಿ ನಿಲ್ಲಿಸಿದ ಕೂಡ್ಲೆ ಏನ್ ಮಾಡ್ತೀರಿ?"

ಕಾಕಾ ಆಕಾಶ ನೋಡಿದರು. ಉತ್ತರ ಕಾಕಿಯಿಂದ ಬಂತು. "ಕಾಲಿಗಿ ನೀರು ಹಾಕ್ತಾರ! ಮೂವತ್ತು ವರ್ಷದಾಗ ನನಗೊಂದು ತಂಬಗಿ ನೀರು ಕೊಟ್ಟಾರೇನು ಕೇಳ್ರಿ!"

"ಯಾ ಅಲ್ಲಾ! ದಾರಿಯುದ್ದಕ್ಕೂ ಬ್ರೇಕ್ ಮ್ಯಾಲ ಕಾಲಿಟ್ಟು ಕಾಸೂದು, ಮನಿಗಿ ಬಂದು ತಣ್ಣೀರು ಸುರಿಯೂದು. ಕಾದ ಹಂಚಿನ ಮ್ಯಾಲ ನೀರು ಸುರುವಿದ್ರ ಏನಾಗ್ತದ ಕಾಕಿ?"

"ಹಂಚು ಹಾಳಾಗ್ತದ. ಸಣ್ಣ ಹುಡುಗರಿಗೂ ಗೊತ್ತು."

ನಾನು ನಗಲು ಬಾಯಿ ತೆರೆದವಳು ಕಾಕಾನ ಮುಖ ನೋಡಿ ಮುಚ್ಚಿದೆ. "ದಣದು ಬಂದದಲ್ಲಾ ಅಂತ ಹಾಕ್ತಿದ್ದೆನಪ್ಪಾ" ಎಂದರು ಮೆಲ್ಲಗೆ. ನಾಲ್ಕು ವರ್ಷದ ಪ್ರೀತಿಯೇ ರೋಗವಾಗಿತ್ತು.

ಹೊಸ ಡಿಸ್ಕು, ಹೊಸ ಪ್ಯಾಡು ಕಲಬುರಗಿಯಿಂದ ಬಂದವು. ೨೪ನೇ ತಾರೀಖು ಕೊನೆಯ ಪರೀಕ್ಷೆ: ತೊಂಬತ್ತರ ವೇಗ, ಹತ್ತು ಸಲ ಬ್ರೇಕು, ಬಿದ್ದ ಜೋಳ ಸೊನ್ನೆ! ಅಂದು ಸಂಜೆ ಕಾಕಾ ಕೊಡ ಹಿಡಿದು ಬಂದು, ಗಾಲಿಯ ಮುಂದೆ ನಿಂತು, ಯೋಚಿಸಿ, ನೀರನ್ನು ಬೇವಿನ ಗಿಡಕ್ಕೆ ಹಾಕಿ ಒಳಗೆ ಹೋದರು.

೨೬ನೇ ತಾರೀಖು, ಭಾನುವಾರ, ಸುರಪುರ. ಕುಬಸ ಮುಗಿಯಿತು. ಅಳಿಯ ತಾವೇ ಒಂದು ಸುತ್ತು ಓಡಿಸಿ ಬಂದು, "ಮಾವಾ, ಬೆಣ್ಣಿ ಆಗ್ಯಾದ ನೋಡ್ರಿ ಗಾಡಿ" ಎಂದು ಬೀಗದಕೈ ಕೊಟ್ಟರು. ಹಸಿರು ಸೀರೆಯ ಅಕ್ಕ ಉಡಿ ಹಿಡಿದುಕೊಂಡು ಹಿಂದೆ ಕೂತಳು, ಪಕ್ಕದಲ್ಲಿ ಕಾಕಿ. ನಾನು ಮುಂದೆ, ದಿನಚರಿ ತೊಡೆಯ ಮೇಲೆ. ಕಾಕಾ ಬಾನೆಟ್ಟು ತಟ್ಟಿ ಬಂದು ಕೂತು, ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟರು.

ಸ್ಟೇರಿಂಗು ನಡುಗಿತು!

ನಾನು ಪೆನ್ನು ತೆಗೆದೆ. ಸಮಯ ನಾಲ್ಕು ಗಂಟೆ ಐದು ನಿಮಿಷ. ವೇಗದ ಮುಳ್ಳು ನೋಡಿದೆ, ಸೊನ್ನೆ. ಕಾಕಾ ಇನ್ನೂ ಇಂಜಿನ್ನೇ ಶುರು ಮಾಡಿರಲಿಲ್ಲ.

"ಭಾಯಿ ಎಲ್ಲಾ ಬರೋಬರಿ ಮಾಡ್ಯಾನ" ಎಂದರು ನನಗೆ, ಎದುರಿನ ರಸ್ತೆ ನೋಡುತ್ತ. ದನಿಯೂ ನಡುಗುತ್ತಿತ್ತು. "ಒಂದು ಉಳದದ ನೋಡು ತಂಗಿ."

ಹಿಂದಿನಿಂದ ಅಕ್ಕ ಅವರ ಹೆಗಲ ಮೇಲೆ ಕೈಯಿಟ್ಟಳು. "ಅಪ್ಪಾ, ನಾ ಆರಾಮ ಕುಂತೀನಿ. ನಡೀರಿ, ಮನಿಗಿ ಹೋಗೂಣು."

ಶಹಾಪುರದವರೆಗೆ ನಲವತ್ತು ದಾಟಲಿಲ್ಲ.

ಗಾಡಿಗಳ ವಿಷಯ ಬಲ್ಲವರಲ್ಲಿ ಒಂದು ಕೋರಿಕೆ. ಇಂಜಿನ್ ಬಂದ್, ವೇಗ ಸೊನ್ನೆ, ಹಿಂದಿನ ಸೀಟಿನಲ್ಲಿ ತುಂಬು ಬಸುರಿ ಮಗಳು. ಆಗ ಸ್ಟೇರಿಂಗು ನಡುಗುವುದನ್ನು ನಿಮ್ಮ ಮನೆಯ ಗಾಡಿಯಲ್ಲೂ ನೋಡಿದ್ದೀರಾ? ನೋಡಿದ್ದರೆ ತಾರೀಖು, ಸಮಯ ಸಮೇತ ಬರೆದು ತಿಳಿಸಿ. ರಿಪೇರಿ ಹೇಗೆಂದು ಮಾತ್ರ ಬರೆಯಬೇಡಿ.