ಏಳಲಾರದ ಬೀಗರು

ರೋಗ ಒಬ್ಬರಿಗೆ, ಸಿಟ್ಟು ಇನ್ನೊಬ್ಬರಿಗೆ, ಸೂಕ್ಷ್ಮದರ್ಶಕ ಒರೆಸುವ ಕೆಲಸ ನನಗೆ. ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿದ್ದ ನನಗೆ ಇಂಥ ಪ್ರಸಂಗಗಳಿಗೆ ಬರವೇ ಇರಲಿಲ್ಲ.

೧. ಗಾದಿ

ನಮ್ಮ ಓಣಿಯ ಚಾದರದ ಸಾವಕಾರರ ಮಗಳನ್ನು ನೋಡಲು ಅಕ್ಕಲಕೋಟದ ಅರಿವಿ ವ್ಯಾಪಾರಿ ಮಗನೊಡನೆ ಬಂದರು. ಸಾವಕಾರರು ಗಾದಿ ಬಿಟ್ಟು ಏಳದೆ, ಕೂತಲ್ಲಿಂದಲೇ "ಬರ್ರಿ, ಬರ್ರಿ" ಎಂದರು. ಎದ್ದು ಬರಮಾಡಿಕೊಳ್ಳದ ಮನೆಯಲ್ಲಿ ಬೀಗರಿಗೆ ನೀರೂ ಇಳಿಯುವುದಿಲ್ಲ. ಪಾಪ, ಅವತ್ತು ಚೂಡಾ, ಪೇಢೆ, ಎರಡು ಸಲ ಚಹಾ ಮಾತ್ರ ಇಳಿಯಿತು.

ಹೊರಡುವಾಗ ಬೀಗರು, "ನಮ್ಮನ್ನ ನೋಡಿ ಏಳದವ್ರ ಮನಿ ಹೆಣ್ಣ ನಮಗ ಬ್ಯಾಡ್ರಿ" ಎಂದರು. ಹುಡುಗ ಮಗಳ ಮನಸ್ಸಿಗೆ ಬಂದಿದ್ದ. ಆಕೆ ಒಳಗೆ ಅತ್ತಳು.

"ತೊಡ್ಯಾಗ ಬಲಾನ ಇಲ್ಲೇ" ಎಂದು ಸಾವಕಾರರು ಹೆಂಡತಿಯ ಮುಂದೆ ಗೋಳಾಡಿದರು.

"ಊಟಕ್ಕ ಕರದ್ರ ಬರ್ತೈತಿ ಬಿಡ್ರಿ" ಎಂದರು ಆಕೆ.

೨. ಉಗುರು

ಮಗಳೇ ಹಟ ಹಿಡಿದು ಅಪ್ಪನನ್ನು ಆಸ್ಪತ್ರೆಗೆ ತಂದಳು. ಸಾವಕಾರರು ತೊಡೆ ತೋರಿಸಲು ಧೋತರ ಸರಿಸಿದರೆ, ಡಾಕ್ಟರು ಕೈ ಹಿಡಿದು ಉಗುರು ನೋಡತೊಡಗಿದರು.

"ಡಾಕ್ಟರ್‌ಸಾಹೇಬ್ರ, ನಾ ಭವಿಷ್ಯ ಕೇಳಾಕ ಬಂದಿಲ್ರಿ!"

ಡಾಕ್ಟರು ಉಗುರಿನ ಬುಡಕ್ಕೆ ಒಂದು ಹನಿ ಎಣ್ಣೆ ಬಿಟ್ಟು, ಬೆರಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಕೂದಲಿಗಿಂತ ತೆಳುವಾದ ರಕ್ತನಾಳಗಳು ಸಾಲಾಗಿರಬೇಕಾದಲ್ಲಿ ಕೆಲವು ಉಬ್ಬಿ ತಿರುಚಿಕೊಂಡಿದ್ದವು, ಕೆಲವು ಇರಲೇ ಇಲ್ಲ.

"ಇದು ಸ್ನಾಯುರೋಗ. ತೊಡಿ ಒಳಗಿನ ಸಣ್ಣ ನಾಳನೂ ಹಿಂಗ ಕೆಟ್ಟಿರ್ತಾವ. ಗುಳಿಗಿ ಕೊಡ್ತೀನಿ, ಏಳ್ತೀರಿ."

ರೋಗ ಬಂದಿದೆಯೆಂದು ಅಷ್ಟು ಹಿಗ್ಗಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. "ಖರೇ ಜಡ್ಡ ಐತಿ! ಬೀಗರನ್ನ ಕರಸ್ರಿ!"

೩. ಪುರಾವೆ

ಬೀಗರು ಆಸ್ಪತ್ರೆಗೆ ಬಂದರು, ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದರು.

"ಏನೂ ಕಾಣವಲ್ದು."

"ಮುಚ್ಚಿದ ಕಣ್ಣ ಬ್ಯಾಡ್ರಿ, ತೆರದದ್ದ ಹಚ್ಚರಿ" ಎಂದೆ.

ಈಗ ಕಂಡಿತು. ಆದರೂ ವ್ಯಾಪಾರಿ ಬುದ್ಧಿ. "ಮಾಲ ಪರೀಕ್ಷಾ ಮಾಡಬೇಕಂದ್ರ ಇನ್ನೊಂದ ಬಾಜೂಕ ಇಡಬೇಕ್ರಿ" ಎಂದು ತಮ್ಮ ಬೆರಳನ್ನೇ ಒಡ್ಡಿದರು. ಡಾಕ್ಟರು ಎಲ್ಲರ ಮುಂದೆ, "ನಿಮ್ಮವು ಎಕ್‌ದಮ್ ಭೇಷ್ ಅದಾವ" ಎಂದರು. ಬೀಗರು ಬೀಗಿದರು. ಲಗ್ನ ಗಟ್ಟಿಯಾಯಿತು.

ತಿಂಗಳುಗಟ್ಟಲೆ ಗುಳಿಗೆ ನುಂಗಿದ ಸಾವಕಾರರು ಲಗ್ನದ ದಿನ ಮಗಳ ಹೆಗಲು ಹಿಡಿದು, ನಡುಗುತ್ತಾ ಎದ್ದು ನಿಂತರು. ನನಗೂ ಕಣ್ಣು ತುಂಬಿತು. ಹಾಗೇ ನಡೆದುಹೋಗಿ, ಬೀಗರನ್ನು ಊಟಕ್ಕೆ ಕರೆದರು. ಗಂಡಿನ ತಂದೆಯಲ್ಲವೇ? ಅವರು ಲೋಡಿಗೆ ಒರಗಿಕೊಂಡು, ಕೂತಲ್ಲಿಂದಲೇ "ಹೂಂ, ಆತು" ಎಂದರು.

ಸಾವಕಾರರು ಎಲ್ಲರಿಗೂ ಕೇಳುವಂತೆ ಹೇಳಿದರು: "ನಿಮ್ಮ ಉಗುರ ಭೇಷ್ ಅದಾವಂತ ಡಾಕ್ಟರ್ ಹೇಳ್ಯಾರ. ಏಳ್ರಿ ಬೀಗರ!"

ಬೀಗರು ಎದ್ದರು.