ನನ್ನ ಮೇಲಿನ ಕೇಸೂ ಬೀಗರ ಪಾಯಸವೂ

ನಗುವಂಥ ಸಂಗತಿಗಳನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ. ಅವೇ ಬಂದು ನಮ್ಮ ಮನೆಯ ಬೆಲ್ ಒತ್ತುತ್ತವೆ. ತಾರೀಖು ಹಾಕಿ ಬರೆದಿಡುವುದಷ್ಟೇ ನನ್ನ ಕೆಲಸ. ಮೈಸೂರಿನಲ್ಲಿ ಬಿ.ಎ. ಓದುವಾಗ ಹತ್ತಿದ ಅಭ್ಯಾಸ, ಅಮೆರಿಕದ ಫಾಸ್ಟರ್ ಸಿಟಿಗೆ ಬಂದ ಮೇಲೂ ಬಿಟ್ಟಿಲ್ಲ. ಕಳೆದ ವರ್ಷ ಬರೆದಿಟ್ಟಿದ್ದರಲ್ಲಿ ಮುಕ್ಕಾಲು ಪಾಲು ನನ್ನ ಮೇಲೆ ಬಿದ್ದ ಒಂದು ಕೇಸಿನದೇ.

ಮೂರು ನಿಮಿಷ

ನಮ್ಮ ಮನೆಯ ಸೂರು ರಿಪೇರಿ ಮಾಡಿದ ಕಾಂಟ್ರಾಕ್ಟರು ಏಣಿ ಎತ್ತಿಕೊಂಡು ಹೋದ ವಾರವೇ ಅಡುಗೆಮನೆ ಸೋರಿತು. ಅದೇ ಮನುಷ್ಯ ನಮ್ಮೂರಿನ ಲಗೂನಿಗೆ, ಅಂದರೆ ಹಿನ್ನೀರಿನ ಕೆರೆಗೆ, ದಡ ಕಟ್ಟಿ ಕಾಲುದಾರಿ ಮಾಡುವ ಕೆಲಸಕ್ಕೂ ಅರ್ಜಿ ಹಾಕಿದ್ದಾನೆಂದು ಗೊತ್ತಾಯಿತು. ನಗರಸಭೆಯ ಮೀಟಿಂಗಿನಲ್ಲಿ ಯಾರು ಬೇಕಾದರೂ ಎದ್ದು ಮೂರು ನಿಮಿಷ ಮಾತಾಡಬಹುದು. ನಾನು ರೇಷ್ಮೆ ಸೀರೆ ಉಟ್ಟು ಹೋಗಿ, ಫೋಟೋಗಳನ್ನು ತೋರಿಸಿ, "ಆಕಾಶದ ನೀರನ್ನೇ ತಡೆಯಲಾರದವರು ಲಗೂನಿನ ನೀರನ್ನು ತಡೆಯುತ್ತಾರೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಚಪ್ಪಾಳೆ ಬಿತ್ತು. ಕೆಲಸ ಬೇರೆಯವರ ಪಾಲಾಯಿತು.

ಕಾರಿನಲ್ಲಿ ಯಜಮಾನರನ್ನು ಕೇಳಿದೆ, "ಹೇಗಿತ್ತು ರೀ?"

"ಗಂಟೆ ಹೊಡೆದ ತಕ್ಷಣ ನಿಲ್ಲಿಸಿಬಿಟ್ಟೆಯಲ್ಲ," ಎಂದರು. "ಅಂಥದ್ದೊಂದು ಗಂಟೆ ಎಲ್ಲಿ ಸಿಗುತ್ತೆ ಅಂತ ಯೋಚಿಸ್ತಿದ್ದೀನಿ."

ಗೊಂಬೆ ನೋಡಲು ಬಂದವನು

ನವರಾತ್ರಿಯ ಸಂಜೆ. ಮನೆ ತುಂಬ ಹೆಂಗಸರು, ಮಕ್ಕಳು. ಬೆಲ್ ಆಯಿತು. ಬಾಗಿಲಲ್ಲಿ ಗುರುತಿಲ್ಲದ ಅಮೆರಿಕನ್ ಯುವಕ, ಕೈಯಲ್ಲಿ ದಪ್ಪ ಕವರು. ನನ್ನ ಹೆಸರು ಹೇಳಿ, "ನೀವೇನಾ?" ಎಂದ. ಯಾರೋ ಗೆಳೆಯರು ಕಳಿಸಿರಬೇಕೆಂದು ಒಳಗೆ ಕರೆದೆ. ಕವರು ಕೊಟ್ಟ, ಉಡುಗೊರೆಯೆಂದುಕೊಂಡು ಪಟ್ಟದ ಗೊಂಬೆಗಳ ಮುಂದೆ ಇಟ್ಟೆ. ಅವನು ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದ, ನಾನು ಬಿಡುತ್ತೇನೆಯೇ? ಕೂರಿಸಿ, ದಶಾವತಾರವನ್ನೆಲ್ಲ ವಿವರಿಸಿ, ಕಡಲೆಕಾಳು ಉಸಲಿ ಕೊಟ್ಟೆ. ಎರಡನೇ ಸಲ ಕೇಳಿ ಹಾಕಿಸಿಕೊಂಡ. ಹೋಗುವಾಗ ಯಾಕೋ "ಸಾರಿ ಮೇಡಂ" ಎಂದ.

ಎಲ್ಲರೂ ಹೋದ ಮೇಲೆ ಕವರು ಒಡೆದರೆ ಕೋರ್ಟಿನ ಕಾಗದ. ಕಾಂಟ್ರಾಕ್ಟರು ಮಾನನಷ್ಟದ ದಾವೆ ಹೂಡಿದ್ದ. ಪರಿಹಾರ ಬೇಕು, ಜೊತೆಗೆ ನಾನು ಹೇಳಿದ್ದೆಲ್ಲ ಸುಳ್ಳು ಎಂದು ನಾನೇ ಊರಿಗೆಲ್ಲ ಬರೆದುಕೊಡಬೇಕು. ಮೊದಲನೆಯದನ್ನು ಓದಿದಾಗ ಹೆದರಿದೆ. ಎರಡನೆಯದನ್ನು ಓದಿದಾಗ ಹೆದರಿಕೆ ಹೋಗಿ ರೋಷ ಬಂತು. ನಾನು ಸುಳ್ಳು ಹೇಳಿದೆನೆಂದು ನನ್ನ ಕೈಯಲ್ಲೇ ಬರೆಸುವುದೇ?

ಯಜಮಾನರು ಕಾಗದವನ್ನು ಎರಡು ಸಲ ಓದಿ, "ಸದ್ಯ, ಇದಕ್ಕೆ ಆರತಿ ಎತ್ತಲಿಲ್ಲವಲ್ಲ," ಎಂದರು.

"ಎತ್ತಿ ಆಯ್ತು," ಎಂದೆ.

ಬಾಯಿ ಮುಚ್ಚಿಸುವವರು

ನನ್ನ ನಾದಿನಿಯ ಮಗಳು ವಾಲ್ನಟ್ ಕ್ರೀಕ್‌ನಲ್ಲಿ ವಕೀಲೆ. ಕಾಗದ ನೋಡಿ ಅವಳ ಕಣ್ಣು ಹೊಳೆಯಿತು.

"ಅತ್ತೆ, ಇದಕ್ಕೇ ಅಂತ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನಿದೆ. ಆಂಟಿ-ಸ್ಲ್ಯಾಪ್ ಅಂತಾರೆ. ಸಾರ್ವಜನಿಕ ವಿಷಯದಲ್ಲಿ ಮಾತಾಡಿದವರ ಬಾಯಿ ಮುಚ್ಚಿಸೋಕೆ ಯಾರಾದರೂ ದಾವೆ ಹಾಕಿದರೆ, ಅದನ್ನ ಶುರುವಿನಲ್ಲೇ ಕಿತ್ತುಹಾಕಿ ಅಂತ ಕೋರ್ಟನ್ನ ಕೇಳಬಹುದು. ಗೆಲ್ಲೋ ಅಷ್ಟು ಸಾಕ್ಷಿ ತನ್ನ ಹತ್ತಿರ ಇದೆ ಅಂತ ಅವನು ತೋರಿಸಬೇಕು. ತೋರಿಸಲಿಲ್ಲ ಅಂದರೆ ಕೇಸೇ ಹೋಯ್ತು."

ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಇಂಥ ಚೆಂದದ ಕಾನೂನು ಇಷ್ಟು ವರ್ಷ ನನಗೆ ತಿಳಿಯದೆ ಹೋಯಿತಲ್ಲ.

ಯಜಮಾನರು ಮೆಲ್ಲಗೆ ಕೇಳಿದರು, "ಮದುವೆಯಾದಾಗಿನಿಂದ ಇವಳ ಬಾಯಿ ಮುಚ್ಚಿಸೋ ಪ್ರಯತ್ನದಲ್ಲಿದ್ದೀನಮ್ಮ. ನನ್ನ ಮೇಲೂ ಬರುತ್ತಾ ಇದು?"

"ಕೋರ್ಟಿಗೆ ಹೋದರೆ ಮಾತ್ರ, ಮಾವ."

"ಹಾಗಾದರೆ ಮನೆಯಲ್ಲೇ ಇರ್ತೀನಿ."

ಅದೇ ಔಷಧಿ

ನಾವು ಆ ಅರ್ಜಿ ಹಾಕಿದೆವು. ತಕ್ಷಣ ಕಾಂಟ್ರಾಕ್ಟರನ ವಕೀಲ, ಇದು ಹುರುಳಿಲ್ಲದ ಅರ್ಜಿ, ಕೋರ್ಟಿನ ಸಮಯ ಹಾಳು, ಇವರಿಗೆ ದಂಡ ಹಾಕಿ ಎಂದು ಇನ್ನೊಂದು ಅರ್ಜಿ ಹಾಕಿದ. ನಾನು ವಕೀಲೆಗೆ ಫೋನ್ ಮಾಡಿದೆ. "ಇದೂ ನನ್ನ ಬಾಯಿ ಮುಚ್ಚಿಸೋದೇ ಅಲ್ವೇನೇ? ಇದಕ್ಕೂ ಅದೇ ಆಂಟಿ-ಸ್ಲ್ಯಾಪ್ ಹಾಕು."

"ಆಗಲ್ಲ ಅತ್ತೆ. ಅದು ದಾವೆಯನ್ನ ಕಿತ್ತುಹಾಕೋಕೆ. ದಂಡದ ಅರ್ಜಿ ದಾವೆ ಅಲ್ಲ, ದಾವೆಯ ಒಳಗೆ ಬರೋ ಒಂದು ಬೇಡಿಕೆ. ಅದಕ್ಕೆ ಉತ್ತರ ಕೊಡಬೇಕು, ಅಷ್ಟೇ."

ಫೋನ್ ಇಟ್ಟು ಸ್ವಲ್ಪ ಹೊತ್ತು ಯೋಚಿಸಿದೆ. ಹೊಳೆಯಿತು. ಮತ್ತೆ ಫೋನ್ ಮಾಡಿದೆ. "ಬೀಗರು ಈ ಸಂಬಂಧವೇ ಬೇಡ ಅಂದರೆ ಅದು ದಾವೆ. ಪಾಯಸ ಸಪ್ಪೆ ಅಂದರೆ ಅದು ಅರ್ಜಿ. ಪಾಯಸಕ್ಕೆ ಸಕ್ಕರೆ ಹಾಕಿ ಸಮಾಧಾನ ಹೇಳಬೇಕೇ ಹೊರತು ಮದುವೆ ನಿಲ್ಲಿಸೋ ಮಾತು ಎತ್ತಬಾರದು. ಹೌದಾ?"

"ಅತ್ತೆ, ನಮ್ಮ ಲಾ ಸ್ಕೂಲಲ್ಲಿ ಯಾರೂ ಹೀಗೆ ಹೇಳಿಕೊಡಲಿಲ್ಲ," ಎಂದಳು. ಯಜಮಾನರಿಗೂ ಹೇಳಿದೆ. ಊಟಕ್ಕೆ ಬಂದವರಿಗೆಲ್ಲ ಹೇಳಿದೆ.

ಅವಳು ಉತ್ತರ ಕೊಟ್ಟು, ಇಂಥ ಟೊಳ್ಳು ದಾವೆ ಹೂಡಿದ್ದಕ್ಕೆ ಅವರಿಗೇ ದಂಡ ಹಾಕಿ ಎಂದು ನಮ್ಮ ಕಡೆಯಿಂದಲೂ ಅರ್ಜಿ ಹಾಕಿದಳು. ಆಗ ಆ ವಕೀಲ ಏನು ಮಾಡಿದ ಗೊತ್ತೇ? ನಮ್ಮ ದಂಡದ ಅರ್ಜಿಯ ಮೇಲೆ ಆಂಟಿ-ಸ್ಲ್ಯಾಪ್ ಹಾಕಿದ. ನನಗೆ ಹೊಳೆದಿದ್ದ ಅದೇ ಉಪಾಯ.

"ಅವನೂ ಬಿ.ಎ. ಇರಬೇಕು ಕಣೇ," ಎಂದರು ಯಜಮಾನರು.

ಕಲ್ಲುಸಕ್ಕರೆ

ವಿಚಾರಣೆಯ ದಿನ ಬೆಳಿಗ್ಗೆ ನಮ್ಮ ವಕೀಲೆ ನನ್ನ ಕೈಗೆ ದೊಡ್ಡದೊಂದು ಕಲ್ಲುಸಕ್ಕರೆ ಕೊಟ್ಟಳು. "ಅತ್ತೆ, ಇದು ಬಾಯಲ್ಲಿರಲಿ. ಒಳಗೆ ಒಂದು ಮಾತೂ ಆಡಬೇಡಿ. ನೀವು ಆಡಿದರೆ ನಾವು ಸೋಲ್ತೀವಿ." ನನ್ನ ಮಾತಿನ ಹಕ್ಕಿಗಾಗಿ ಇಷ್ಟು ದೂರ ಬಂದು, ಬಾಯಿಗೆ ಬೀಗ ಹಾಕಿಕೊಂಡು ಕುಳಿತೆ.

ಎದುರು ವಕೀಲ ಎದ್ದ. ದಾವೆ ಹೂಡುವುದೂ ತಮ್ಮ ಹಕ್ಕು, ದಂಡ ಕೇಳಿ ತಮ್ಮ ಬಾಯಿ ಮುಚ್ಚಿಸುತ್ತಿದ್ದಾರೆ, ಆ ಅರ್ಜಿಯನ್ನು ಕಿತ್ತುಹಾಕಬೇಕು ಎಂದ. ಜಡ್ಜಮ್ಮ ಕನ್ನಡಕ ಸರಿಮಾಡಿಕೊಂಡು, "ಈ ಕಾನೂನಿನಲ್ಲಿ ನಾನು ಕಿತ್ತುಹಾಕಬಹುದಾದದ್ದು ದಾವೆಯನ್ನ. ಇಲ್ಲಿ ದಾವೆ ಎಲ್ಲಿದೆ?" ಎಂದರು.

ಅವನು ಕಾಗದ ತಿರುವಿಹಾಕತೊಡಗಿದ. ನನ್ನ ನಾಲಿಗೆ ತುದಿಯಲ್ಲಿ ಉತ್ತರವಿದೆ, ಮೇಲೆ ಕಲ್ಲುಸಕ್ಕರೆಯಿದೆ. ಅಷ್ಟರಲ್ಲಿ ಯಜಮಾನರು ಪಿಸುಗುಟ್ಟುತ್ತಿದ್ದೇನೆ ಅಂದುಕೊಂಡು, ಕೋರ್ಟಿಗೆಲ್ಲ ಕೇಳುವಂತೆ ಕನ್ನಡದಲ್ಲಿ ಹೇಳಿಬಿಟ್ಟರು: "ಪಾಯಸ ಸಪ್ಪೆ ಅಂದಿದ್ದಕ್ಕೆ ಮದುವೆ ನಿಲ್ಲಿಸೋಕೆ ಹೊರಟಿದ್ದಾನಲ್ಲಪ್ಪ ಇವನು."

"ಅವರು ಏನಂದರು?" ಎಂದರು ಜಡ್ಜಮ್ಮ.

ನಮ್ಮ ವಕೀಲೆ ಕೆಂಪಾಗಿ, ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಜಡ್ಜಮ್ಮ ತುಟಿ ಬಿಗಿಹಿಡಿದು ಏನೋ ಬರೆದುಕೊಂಡರು. "ಇನ್ನು ಮುಂದೆ ಆ ಮಹನೀಯರು ಮೌನವಾಗಿರಲಿ. ಆದರೆ ಅವರು ಹೇಳಿದ್ದು ಸರಿ."

ಅವನ ಅರ್ಜಿ ಬಿದ್ದುಹೋಯಿತು. ನಗರಸಭೆಯಲ್ಲಿ ನಾನಾಡಿದ ಮಾತಿಗೆ ಕಾನೂನಿನ ರಕ್ಷಣೆಯಿದೆ, ಅದು ಸುಳ್ಳೆನ್ನಲು ಕಾಂಟ್ರಾಕ್ಟರನ ಬಳಿ ಸಾಕ್ಷಿಯಿಲ್ಲ ಎಂದು ನನ್ನ ಮೇಲಿನ ದಾವೆಯೂ ಬಿದ್ದುಹೋಯಿತು. ಎರಡೂ ಕಡೆಯ ದಂಡದ ಅರ್ಜಿಗಳನ್ನು ಜಡ್ಜಮ್ಮ ಒಪ್ಪಲಿಲ್ಲ. ನಮ್ಮ ವಕೀಲೆಯ ಫೀಸು ಮಾತ್ರ ಎದುರು ಕಡೆಯವರೇ ಕೊಡಲಿ ಎಂದರು. ಕೊನೆಗೆ ನನ್ನ ಕಡೆ ನೋಡಿ, "ನೀವೇನಾದರೂ ಹೇಳಬೇಕೇ?" ಎಂದರು. ತುಂಬಿದ ಬಾಯಿಯಲ್ಲಿ ಇಲ್ಲವೆಂದು ತಲೆಯಾಡಿಸಿದೆ.

ಹೊರಗೆ ಬಂದು, ಸಕ್ಕರೆ ಕಡಿದು ನುಂಗಿ, ಯಜಮಾನರನ್ನು ಹಿಡಿದುಕೊಂಡೆ. "ಏನ್ರೀ ಇದು, ಇಷ್ಟು ವರ್ಷ ನಾಲ್ಕು ಜನರೆದುರು ತುಟಿ ಪಿಟಕ್ ಅನ್ನದವರು, ಕೋರ್ಟಿನಲ್ಲಿ ಮಾತಾಡಿಬಿಟ್ಟಿರಿ. ಅದೂ ನನ್ನ ಮಾತನ್ನ?"

"ಏನು ಮಾಡಲಿ," ಎಂದರು ಅವರು. "ನಿನ್ನ ಬಾಯಲ್ಲಿ ಕಲ್ಲುಸಕ್ಕರೆ ಇತ್ತು. ಇನ್ನೊಂದು ಸಲ ಇಂಥ ಸಂದು ಸಿಗುತ್ತೋ ಇಲ್ಲವೋ."